ಕೇಕ್ ಮನುಷ್ಯನ ಕತ್ತು

ಅನಾಹುತಕ್ಕೆಲ್ಲ ಮೂಲ ಒಂದು ಲ್ಯಾಮಿನೇಟರ್. ಟ್ರನೆಬೋ ಶಾಲೆಯ ಬೆನೆಡಿಕ್ಟೆ ಗುರುವಾರ ಸಂಜೆ ‘ನಿಲ್ಲು, ಉಸಿರೆಳೆದುಕೊ’ ಎಂದು ಬರೆದ ಹಸಿರು ಕಾರ್ಡೊಂದನ್ನು ಅದರ ಬಾಯಿಗೆ ಕೊಟ್ಟಳು. ಯಂತ್ರ ‘ನಿಲ್ಲು’ ತನಕ ನುಂಗಿ ಅಲ್ಲೇ ನಿಂತಿತು. ಎಳೆದಳು, ಬಿಡಲಿಲ್ಲ. ಬೇಡಿಕೊಂಡಳು, ಬಿಡಲಿಲ್ಲ. ನಾಲ್ಕು ವರ್ಷಗಳಿಂದ ಮಕ್ಕಳಿಗೆ ಸಿಟ್ಟನ್ನು ಪಳಗಿಸುವುದು ಹೇಗೆ, ದುಃಖವನ್ನು ಹಂಚಿಕೊಳ್ಳುವುದು ಹೇಗೆ ಎಂದು ಕಲಿಸಿಕೊಂಡು ಬಂದಿದ್ದ ಆ ಹೆಂಗಸು ಯಂತ್ರದ ಪಕ್ಕ ನೆಲದ ಮೇಲೆ ಕುಕ್ಕರಿಸಿ ಅಳುವುದಕ್ಕೆ ಶುರುಮಾಡಿದಳು. ಶಾಲೆಯ ಮೇಲ್ವಿಚಾರಕ ಓಲುಫ್ ಬಕೆಟ್ ತಂದಿಟ್ಟ. ಅದು ತುಂಬಿತು. ಎರಡನೆಯದೂ ತುಂಬಿತು. ಮೂರನೆಯದು ಹುಡುಕಲು ಹೋದಾಗ ಡಾಕ್ಟರು ಬಂದು ಮೂರು ತಿಂಗಳ ಒತ್ತಡದ ರಜೆ ಬರೆದುಕೊಟ್ಟು ಹೋದರು.

ಶುಕ್ರವಾರ ಬೆಳಗಿನ ಆರೂವರೆಗೆ ಐವಿನ್ ಟ್ರುಲ್ಸೆನ್‌ನ ಮನೆಯ ಫೋನು ಹೊಡೆದುಕೊಂಡಿತು.

ಐವಿನ್‌ಗೆ ಐವತ್ತೊಂಬತ್ತು. ಮೂವತ್ತೊಂದು ವರ್ಷಗಳಿಂದ ಟ್ರನೆಬೋ ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದ. ಅವನು ಮಾಡಿಸಿದ ಹಕ್ಕಿಗೂಡುಗಳಲ್ಲಿ ಮೊಟ್ಟೆಯಿಟ್ಟ ಹಕ್ಕಿಗಳನ್ನು ಲೆಕ್ಕ ಹಾಕಿದರೆ ನಮ್ಮ ಡೇನಿಷ್ ದ್ವೀಪ ಲೊಲಾನ್‌ನ ಜನಸಂಖ್ಯೆಗಿಂತ ಎರಡು ಪಟ್ಟಾಗುತ್ತದೆ, ಅದರಲ್ಲೂ ಹಕ್ಕಿಗಳು ಹೆಚ್ಚುತ್ತಿವೆ, ಜನ ಕಡಿಮೆಯಾಗುತ್ತಿದ್ದಾರೆ. ಆದರೆ ಮನಸ್ಸಿನ ಮಾತು ಎಂದರೆ ಐವಿನ್‌ಗೆ ದೂರ. ಹೆಂಡತಿ ಇಂಗೆಲಿಸೆಯ ಮಣ್ಣಿನ ದಿನ ಪಾದ್ರಿ ಅವನ ಕೈ ಹಿಡಿದು, “ಐವಿನ್, ಏನಾದ್ರೂ ಹೇಳ್ಬೇಕು ಅನ್ನಿಸ್ತಿದ್ಯಾ?” ಎಂದು ಕೇಳಿದ್ದಕ್ಕೆ, ಪೆಟ್ಟಿಗೆಯನ್ನು ಒಂದು ಸುತ್ತು ನೋಡಿ, “ಮೂಲೆ ಜೋಡಣೆ ಪರವಾಗಿಲ್ಲ” ಎಂದಿದ್ದ.

ಫೋನಿನಲ್ಲಿ ಮುಖ್ಯೋಪಾಧ್ಯಾಯಿನಿ ಮೆರೆಟೆ. “ಐವಿನ್, ಇವತ್ತು ಹತ್ತು ಗಂಟೆಗೆ ನಾಲ್ಕನೇ ಕ್ಲಾಸಿನ ಭಾವನೆ ಪಾಠ ನಿಂದು.”

“ಹತ್ತಕ್ಕೆ ನಂದು ಹಕ್ಕಿಗೂಡು ಇದೆ.”

“ಹಕ್ಕಿ ಕಾಯುತ್ತೆ. ಸಮಿತಿ ಕಾಯಲ್ಲ.”

ಪುರಸಭೆಯ ಸಮಿತಿಯ ವಿಷಯ ಐವಿನ್‌ಗೂ ಗೊತ್ತಿತ್ತು. ಮಕ್ಕಳಿಲ್ಲದ ಸೀಮೆಯಲ್ಲಿ ಎರಡು ಶಾಲೆ ಯಾಕೆ ಎಂದು ಪುರಸಭೆ ಲೆಕ್ಕ ಹಾಕಿತ್ತು. ಒಂದೋ ಟ್ರನೆಬೋ ಮುಚ್ಚಬೇಕು, ಇಲ್ಲ ಒಂಬತ್ತು ಕಿಲೋಮೀಟರ್ ಆಚೆಯ ಸೋನರ್‌ಮೋಸೆ ಮುಚ್ಚಬೇಕು. ಯಾವುದೆಂದು ತೀರ್ಮಾನಿಸುವುದಕ್ಕೆ ಅವರು ನೋಡುವುದು ಗಣಿತವನ್ನಲ್ಲ, ಮಕ್ಕಳ ಮನಸ್ಸಿನ ಕ್ಷೇಮವನ್ನು.

“ನಿನ್ನೆ ಸೋನರ್‌ಮೋಸೆಗೆ ಹೋಗಿದ್ರು, ಇವತ್ತು ಹತ್ತೂಕಾಲಿಗೆ ನಮ್ಮಲ್ಲಿಗೆ ಬರ್ತಾರೆ,” ಎಂದಳು ಮೆರೆಟೆ. “ಅಲ್ಲಿ ಮಕ್ಕಳು ಪಾಠದ ಮಧ್ಯೆ ಕಪಾಟು ಬೀಳಿಸಿದ್ರಂತೆ. ಅದರೊಳಗೆ ಮೇಷ್ಟ್ರಿದ್ರಂತೆ.”

“ಹಾಗಾದ್ರೆ ನಾವು ಗೆದ್ದ ಹಾಗೇ.”

“ನೀನು ಹಾಳು ಮಾಡದಿದ್ರೆ. ನೋಡು ಐವಿನ್, ಶಾಲೆ ಮುಚ್ಚಿದ್ರೆ ನಂಗೆ ಎಲ್ಲಾದ್ರೂ ಒಂದು ಕುರ್ಚಿ ಸಿಗುತ್ತೆ. ಮರಗೆಲಸದ ಕೋಣೆ ಇರೋದು ಈ ಸೀಮೆಗೆಲ್ಲ ನಮ್ಮಲ್ಲಿ ಒಂದೇ. ಅದು ಹೋದ್ರೆ ನೀನೂ ಹೋದೆ. ಇನ್ನೊಂದು, ಮುಚ್ಚೋ ವಿಷಯ ಮಕ್ಕಳಿಗೆ ಗೊತ್ತಿಲ್ಲ, ಬಾಯಿ ಬಿಡಬೇಡ. ಮತ್ತೆ ಈ ವಾರ ಕೇಕ್ ತರೋ ಸರದಿ ಬೆನೆಡಿಕ್ಟೆದು.”

“ಅಂದ್ರೆ?”

“ಅಂದ್ರೆ ನಿಂದು.”

ಕೇಕಿಲ್ಲದೆ ಭಾವನೆ ಪಾಠ ನಡೆಸುವುದು ನಮ್ಮ ದೇಶದಲ್ಲಿ ಹೆಣವಿಲ್ಲದೆ ಮಣ್ಣು ಮಾಡಿದ ಹಾಗೆ. ಐವಿನ್ ಕೋಟು ಹಾಕಿಕೊಂಡು ಹೊರಟ. ನವೆಂಬರ್ ಗಾಳಿ ಬೀಟ್ ಹೊಲಗಳ ಮೇಲಿಂದ ಬೀಸುತ್ತಿತ್ತು. ಆ ಗಾಳಿಗೆ ಕಳೆದ ವರ್ಷ ಹಾರಿಹೋದ ಅವನ ಟೋಪಿ ಜರ್ಮನಿಯಲ್ಲಿ ಇಳಿದು ಅಲ್ಲೇ ಸಂಸಾರ ಹೂಡಿದೆಯೆಂದು ಸುದ್ದಿ. ಊರಿನ ಒಂದೇ ಅಂಗಡಿಯಲ್ಲಿ ಬೋಡಿಲ್ ಖಾಲಿ ಕಪಾಟುಗಳನ್ನು ಒರೆಸುತ್ತಿದ್ದಳು.

“ಕೇಕ್ ಇದ್ಯಾ?”

“ಒಬ್ಬ ಇದಾನೆ,” ಎಂದಳು ಬೋಡಿಲ್.

ಒಳಗಿಂದ ತಂದು ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಂದು ಮೀಟರ್ ಉದ್ದದ ಕೇಕ್ ಮನುಷ್ಯ ಮಲಗಿದ್ದ. ಕರಿಮಿಠಾಯಿಯ ಕೂದಲು, ಹೊಟ್ಟೆಯ ಮೇಲೆ ಬಣ್ಣದ ಗುಂಡಿಗಳು. ಸಕ್ಕರೆ ಪಾಕ ಸುರಿದವನ ಕೈ ನಡುಗಿರಬೇಕು, ಬಾಯಿ ಒಂದು ಬದಿಗೆ ಕೆಳಗಿಳಿದು, ಮುಂದೆ ಆಗುವುದೆಲ್ಲ ಗೊತ್ತಿದ್ದವನ ಹಾಗೆ ಮೇಲೆ ನೋಡುತ್ತಿದ್ದ.

“ಮಾಸೆನ್‌ರ ಹುಡುಗೀದು ಹುಟ್ಟುಹಬ್ಬ ಅಂತ ಹೇಳಿ ಮಾಡಿಸಿದ್ರು. ನಿನ್ನೆ ಮನೆಮಂದಿಯೆಲ್ಲ ಊರು ಬಿಟ್ಟುಹೋದ್ರು. ಇವನನ್ನ ಮರೆತ್ರು, ಬೆಕ್ಕನ್ನೂ ಮರೆತ್ರು.”

“ಬೆಕ್ಕು ಬೇಡ,” ಎಂದ ಐವಿನ್.

ಶಾಲೆಯ ಶಿಕ್ಷಕರ ಕೋಣೆಯಲ್ಲಿ ಬುದ್ಧಿ ಹೇಳುವವರು ಕಾಫಿ ಇಟ್ಟುಕೊಂಡು ಕಾಯುತ್ತಿದ್ದರು. ಗುಮಾಸ್ತೆ ಯೊನ್ನಾ ಮೂರು ವರ್ಷದ ಹಿಂದೆ ಭಾವನೆಗಳ ಬಗ್ಗೆ ಅರ್ಧ ದಿನದ ತರಬೇತಿಗೆ ಹೋಗಿ, ಊಟ ಮುಗಿಸಿಕೊಂಡು ಬಂದವಳು. ಓಲುಫ್ ಯಾವ ತರಬೇತಿಗೂ ಹೋದವನಲ್ಲ. ಅದಕ್ಕೇ ಅವನ ಮಾತಿನಲ್ಲಿ ಧೈರ್ಯ ಹೆಚ್ಚು.

“ಮಕ್ಕಳು ಏನಂದ್ರೂ ಅದನ್ನೇ ತಿರುಗಿಸಿ ಹೇಳು,” ಎಂದ ಓಲುಫ್. “ಕೇಳಿಸ್ಕೊಂಡೆ ಅಂತ ಅವರಿಗೆ ಗೊತ್ತಾಗುತ್ತೆ. ನನ್ನ ಹೆಂಡ್ತಿ ಹತ್ರ ಇಪ್ಪತ್ತು ವರ್ಷ ಹಾಗೇ ಕಳೆದೆ.”

“ಅವಳು ಬಿಟ್ಟುಹೋದ್ಲಲ್ಲ.”

“ಹೌದು. ‘ಬಿಟ್ಟುಹೋಗ್ತೀನಿ’ ಅಂದ್ಲು. ‘ನೀನು ಬಿಟ್ಟುಹೋಗ್ತೀಯ ಅಂತ ಕೇಳಿಸ್ಕೊಂಡೆ’ ಅಂದೆ. ಹೋದ್ಲು.”

ಯೊನ್ನಾ ಬೆನೆಡಿಕ್ಟೆಯ ಪೆಟ್ಟಿಗೆಯಿಂದ ಜಿರಾಫೆ ಕಿವಿ ತೆಗೆದಳು. ನೆಲದ ಮೇಲೆ ನಡೆಯುವ ಪ್ರಾಣಿಗಳಲ್ಲಿ ಜಿರಾಫೆಯಷ್ಟು ದೊಡ್ಡ ಹೃದಯ ಬೇರೆಯದಕ್ಕಿಲ್ಲವಂತೆ, ಹಾಗಾಗಿ ಮಮತೆಯ ಮಾತಿಗೆ ನಮ್ಮ ಶಾಲೆಗಳಲ್ಲಿ ಜಿರಾಫೆ ಮಾತು ಎನ್ನುತ್ತಾರೆ, ಕಚ್ಚುವ ಮಾತಿಗೆ ತೋಳದ ಮಾತು. ತಲೆಪಟ್ಟಿಯ ಮೇಲೆ ಎರಡು ಹಳದಿ ಕಿವಿ, ನಡುವೆ ಎರಡು ಸಣ್ಣ ಕೊಂಬು. ಐವಿನ್‌ನ ಬೋಳುತಲೆಗೆ ಅದು ಕುಂಬಳಕಾಯಿಗೆ ಹಿಡಿಕೆ ಜಡಿದ ಹಾಗಾಯಿತು.

“ನಾನು ಮಗು ಅಂದ್ಕೋ,” ಎಂದಳು ಯೊನ್ನಾ. ಮೂಗೆಳೆದಳು. “ಐವಿನ್, ನನ್ನ ಜೊತೆ ಯಾರೂ ಆಡಲ್ಲ.”

ಐವಿನ್ ಯೋಚಿಸಿದ. “ಬಾ, ಮರಳುಕಾಗದ ಕೊಡ್ತೀನಿ. ಏನಾದ್ರೂ ಉಜ್ಜು.”

“ಇದು ತೋಳ.”

“ನುಣುಪು ಕಾಗದಾನೇ ಕೊಡ್ತೀನಿ.”

“ಇದೂ ತೋಳ. ದೇವರೇ ಕಾಪಾಡಬೇಕು ಈ ಶಾಲೇನ,” ಎಂದು ಯೊನ್ನಾ ಕಾಫಿ ಕುಡಿದಳು.

ಹತ್ತು ಗಂಟೆಗೆ ಐವಿನ್ ಒಂದು ಮೀಟರ್ ಮನುಷ್ಯನನ್ನು ಎರಡೂ ಕೈಯಲ್ಲಿ ಹೊತ್ತುಕೊಂಡು, ಕಿವಿ ಅಲ್ಲಾಡಿಸುತ್ತ ನಾಲ್ಕನೇ ಕ್ಲಾಸಿಗೆ ಹೋದ. ಹದಿನಾಲ್ಕು ಮಕ್ಕಳು ಸುತ್ತಾಗಿ ಕೂತಿದ್ದರು. ಬೆನೆಡಿಕ್ಟೆ ಇವರನ್ನು ಎಂಥ ಮಕ್ಕಳಾಗಿ ಮಾಡಿದ್ದಳೆಂದರೆ, ಆಟದಲ್ಲಿ ಸೋತವನು ಗೆದ್ದವನ ಬಳಿ ಹೋಗಿ ‘ಗೆದ್ದ ಭಾರ ತಡೀತೀಯಾ’ ಎಂದು ವಿಚಾರಿಸುತ್ತಿದ್ದ. ಸ್ಟೋರ್ಮ್ ಎನ್ನುವ ಹುಡುಗ ಹತ್ತು ವರ್ಷಕ್ಕೇ ಕರು ಎತ್ತುವಷ್ಟಿದ್ದ. ಒಂದನೇ ಕ್ಲಾಸಿನಲ್ಲಿ ಎರಡು ಬಾಗಿಲು, ಒಂದು ಕಿಟಕಿ ಮತ್ತು ಹಿಂದಿನ ಮುಖ್ಯೋಪಾಧ್ಯಾಯರ ಆತ್ಮವಿಶ್ವಾಸವನ್ನು ಮುರಿದಿದ್ದ. ಈಗ ನೊಣ ಕೂತರೆ ಅದಕ್ಕೆ ಜಾಗ ಬಿಟ್ಟು ಸರಿದು ಕೂರುತ್ತಿದ್ದ.

ಈ ವಾರದ ಅಧ್ಯಕ್ಷೆ ಕಾರ್ಲಾ, ಎರಡು ಜಡೆಯ ಗಂಭೀರ ಹುಡುಗಿ. ನಮ್ಮಲ್ಲಿ ಮೇಷ್ಟ್ರನ್ನು ಹೆಸರು ಹಿಡಿದು ಏಕವಚನದಲ್ಲೇ ಮಾತಾಡಿಸುವುದು.

“ಬಾ ಐವಿನ್. ಒಳಗೆ ಬರುವಾಗ ನಿನಗೆ ಏನನ್ನಿಸ್ತು?”

“ಬಾಗಿಲಿನ ಕೀಲು ಸಡಿಲ ಆಗಿದೆ ಅನ್ನಿಸ್ತು.”

ಹದಿನಾಲ್ಕು ತಲೆಗಳು ಕನಿಕರದಿಂದ ಅಲ್ಲಾಡಿದವು. ರೋಗಿಯ ನಾಡಿ ಹಿಡಿದ ವೈದ್ಯರ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡವು.

ಐವಿನ್ ಕೇಕ್ ಮನುಷ್ಯನನ್ನು ಮೇಜಿನ ಮೇಲೆ ಮಲಗಿಸಿದ. ಮಕ್ಕಳ ಬಾಯಿ ಕೇಕಿನಲ್ಲಿ ತುಂಬಿದ್ದರೆ ಮಾತು ಕಡಿಮೆ, ಮಾತು ಕಡಿಮೆಯಾದರೆ ತಪ್ಪೂ ಕಡಿಮೆ ಎಂಬುದು ಅವನ ಉಪಾಯ. ಸಮಿತಿ ಬರುವುದಕ್ಕೆ ಹದಿನೈದು ನಿಮಿಷವಿತ್ತು. ಚಾಕು ಮುಂದೆ ಚಾಚಿದ. “ಯಾರಾದ್ರೂ ಕತ್ತು ಕೊಯ್ಯಿರಿ. ಮಿಕ್ಕವರು ಕಿರುಚಿ.”

ಹುಟ್ಟುಹಬ್ಬದ ಮಗು ಕೇಕ್ ಮನುಷ್ಯನ ಕತ್ತು ಕೊಯ್ಯುವುದು, ಉಳಿದ ಮಕ್ಕಳು ಪ್ರಾಣ ಹೋದ ಹಾಗೆ ಕಿರುಚುವುದು ಮುತ್ತಜ್ಜಂದಿರ ಕಾಲದ ಪದ್ಧತಿ. ಅದನ್ನು ಯಾವ ಡೇನಿಷ್ ಮಗುವಿಗೂ ಎರಡು ಸಲ ಹೇಳಬೇಕಿಲ್ಲ. ಆದರೆ ಯಾರೂ ಚಾಕು ತೆಗೆದುಕೊಳ್ಳಲಿಲ್ಲ.

“ಇವತ್ತು ಯಾರ ಹುಟ್ಟುಹಬ್ಬ?” ಎಂದು ಸ್ಟೋರ್ಮ್ ಕೇಳಿದ.

“ಯಾರದ್ದೂ ಅಲ್ಲ.”

“ಹಾಗಾದ್ರೆ ಇವನು ಏನು ತಪ್ಪು ಮಾಡಿದಾನೆ?”

ವಿಲ್ಯಾ ಎಂಬ ಸಣಕಲು ಹುಡುಗಿ ಎದ್ದು ಬಂದು ಕೇಕಿನ ಮೇಲೆ ಬಗ್ಗಿದಳು. “ಅವನ ಮುಖ ನೋಡಿ. ಅವನಿಗೆ ಗೊತ್ತಾಗಿದೆ. ಅವನನ್ನ ಒಂದು ಮಾತೂ ಕೇಳಿಲ್ಲ ಯಾರೂ.”

ಓಲುಫ್‌ನ ಬುದ್ಧಿಮಾತು ಐವಿನ್‌ಗೆ ನೆನಪಾಯಿತು. “ಅಂದ್ರೆ, ನಿಮಗೆ ಕೇಕ್ ಬೇಡ ಅಂತ ಕೇಳಿಸ್ಕೊಂಡೆ.”

“ಹಾಗಂತ ಯಾರೂ ಹೇಳ್ಲಿಲ್ಲ,” ಎಂದಳು ಕಾರ್ಲಾ. “ನೀನು ನಮ್ಮ ಮಾತು ಕೇಳಿಸ್ಕೊಳ್ತಿಲ್ಲ ಐವಿನ್. ನಿನ್ನ ಹೆದರಿಕೆ ಮಾತು ಕೇಳಿಸ್ಕೊಳ್ತಿದೀಯ.”

ಗಡಿಯಾರದ ಮುಳ್ಳು ಹತ್ತು ಹತ್ತಕ್ಕೆ ಬಂತು. ಐವಿನ್‌ನ ಕಿವಿ ಕೆಂಪಾದವು, ಅವನವೂ, ಜಿರಾಫೆಯವೂ.

“ಅದು ಹಿಟ್ಟು ಕಣ್ರೋ,” ಎಂದ. “ಹಿಟ್ಟು, ಬೆಣ್ಣೆ, ಸಕ್ಕರೆ. ಅದಕ್ಕೆ ಎದೆ ಇಲ್ಲ, ಹೊಟ್ಟೆ ಇಲ್ಲ, ಹೇಳೋರು ಕೇಳೋರು ಇಲ್ಲ. ಬಾಯಿ ಮುಚ್ಕೊಂಡು ತಿನ್ನಿ.”

ಕಾರ್ಲಾ ಮೇಜಿನ ಮೇಲೆ ಸಣ್ಣ ಮರದ ಸುತ್ತಿಗೆ ಕುಟ್ಟಿದಳು. “ತೋಳದ ಮಾತು.”

ವಿಲ್ಯಾ ಹಿಂದಿನ ಕಪಾಟಿನಿಂದ ಬೂದುಬಣ್ಣದ ಕಿವಿ ತಂದಳು. ಎರಡು ವರ್ಷದಿಂದ ಯಾರೂ ತೊಡದೆ ಹುಳ ತಿಂದು ಒಂದು ಕಿವಿ ಅರ್ಧವಾಗಿತ್ತು. ಐವಿನ್‌ನ ತಲೆಯಿಂದ ಜಿರಾಫೆಯನ್ನು ಮೆಲ್ಲಗೆ ಇಳಿಸಿ ತೋಳವನ್ನು ಏರಿಸಿ, “ಇದು ಶಿಕ್ಷೆ ಅಲ್ಲ ಐವಿನ್, ಗುರುತು ಅಷ್ಟೇ,” ಎಂದು ಬೆನ್ನು ಸವರಿದಳು. ಸ್ಟೋರ್ಮ್ ಎರಡು ಕುರ್ಚಿಗಳನ್ನು ಎದುರುಬದುರು ಹಾಕಿ ಒಂದರಲ್ಲಿ ಐವಿನ್‌ನನ್ನು ಕೂರಿಸಿದ. ಇನ್ನೊಂದಕ್ಕೆ ಕೇಕ್ ಮನುಷ್ಯನನ್ನು ಹಲಗೆಯ ಸಮೇತ ಒರಗಿಸಿದ.

ಬಾಗಿಲು ತೆರೆದದ್ದು ಆ ಕ್ಷಣಕ್ಕೇ. ಸಮಿತಿಯ ಅಧ್ಯಕ್ಷ ಹೆನ್ನಿಂಗ್ ಬೀಟ್ ಬೆಳೆಯುವ ದೊಡ್ಡ ಆಸಾಮಿ. ಬಾಗಿಲನ್ನು ತುಂಬಿಕೊಂಡು ನಿಂತ. ಅವನ ಕಂಕುಳ ಕೆಳಗಿಂದ ಪುರಸಭೆಯ ಕ್ಷೇಮ ಸಲಹೆಗಾರ್ತಿ ಸಾನ್ನೆ ಇಣುಕಿದಳು, ಅವಳ ಹಿಂದಿನಿಂದ ಮೆರೆಟೆ. ಒಳಗೆ ತೋಳದ ಕಿವಿ ಹಾಕಿಕೊಂಡ ಅರವತ್ತರ ಮುದುಕನೊಬ್ಬ ಕೇಕ್ ಮನುಷ್ಯನೆದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದ.

“ಇದೆಲ್ಲ ನಾನು ವಿವರಿಸ್ತೀನಿ,” ಎಂದಳು ಮೆರೆಟೆ, ಸತ್ತ ದನಿಯಲ್ಲಿ.

“ಶ್,” ಎಂದಳು ಸಾನ್ನೆ, ಇಗರ್ಜಿಯೊಳಗೆ ಕಾಲಿಟ್ಟವಳ ಹಾಗೆ. “ರಾಜಿ ನಡೀತಿದೆ.”

ಕಾರ್ಲಾ ಬಂದವರಿಗೆ ಕುರ್ಚಿ ತೋರಿಸಿ ಮುಂದುವರಿಸಿದಳು. “ಐವಿನ್, ಇವನನ್ನ ನೋಡಿದ್ರೆ ನಿನಗೆ ಏನಾಗುತ್ತೆ?”

“ಏನೂ ಇಲ್ಲ.”

“ಆ ‘ಏನೂ ಇಲ್ಲ’ ನಿನ್ನ ಮೈಯಲ್ಲಿ ಎಲ್ಲಿದೆ?”

ಐವಿನ್ ನಕ್ಕುಬಿಡಬೇಕೆಂದಿದ್ದ. ಆದರೆ ಅವನ ಕೈ ಅವನನ್ನು ಕೇಳದೆ ಎದ್ದು ಪಕ್ಕೆಲುಬಿನ ಕೆಳಗೆ ಹೋಗಿ ನಿಂತಿತು. “ಇಲ್ಲಿ.”

“ಎಷ್ಟು ದೊಡ್ಡದು?”

“ಬೀಟ್ ಗೆಡ್ಡೆಯಷ್ಟು.”

ಹೆನ್ನಿಂಗ್ ಗೌರವದಿಂದ ಟೋಪಿ ತೆಗೆದ.

“ಯಾವಾಗಿಂದ ಇದೆ?”

ಬಾಗಿಲ ಬಳಿ ಮೆರೆಟೆ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಐವಿನ್‌ಗೆ ಅವಳು ಕಾಣಲಿಲ್ಲ. ಕಡಲ ಒಡ್ಡಿನಲ್ಲಿ ಇರುವೆ ತೂರುವಷ್ಟು ಬಿರುಕು ಸಾಕು, ಮಿಕ್ಕದ್ದನ್ನು ಕಡಲು ನೋಡಿಕೊಳ್ಳುತ್ತದೆ.

“ಇಂಗೆಲಿಸೆ ಹೋದಾಗಿಂದ,” ಎಂದ. “ಮನೇಲಿ ಮಾತಾಡೋರಿಲ್ಲ. ರೇಡಿಯೋ ಮಾತಾಡುತ್ತೆ, ಆದ್ರೆ ಅದು ನನ್ನನ್ನ ಏನೂ ಕೇಳಲ್ಲ. ಇಲ್ಲಿ ಬಂದ್ರೆ ನೀವು ‘ಐವಿನ್, ಮೊಳೆ ಎಲ್ಲಿ’ ಅಂತೀರಿ. ದಿನಕ್ಕೆ ನಲವತ್ತು ಸಲ ಅಂತೀರಿ. ಈಗ ಈ ಶಾಲೆ ಮುಚ್ಚಿಬಿಟ್ರೆ ನನ್ನನ್ನ ಯಾರು ಕೇಳ್ತಾರೆ? ಈ ವಯಸ್ಸಲ್ಲಿ ನನ್ನ ಕಿತ್ತು ಇನ್ನೊಂದು ಕಡೆ ನೆಟ್ರೆ ನಾನು ಬೇರು ಬಿಡಲ್ಲ.”

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನೇನು ಹೇಳಿದೆ ಎಂಬುದು ಕೇಳಿಸಿತು.

“ಶಾಲೆ ಮುಚ್ತಾರಾ?” ಎಂದ ಸ್ಟೋರ್ಮ್.

ಮೆರೆಟೆ ಗೋಡೆಗೆ ಒರಗಿದಳು. ಹೆನ್ನಿಂಗ್ ತನ್ನ ಬೂಟು ನೋಡಿಕೊಂಡ. ಬೇರೆ ಯಾವ ಶಾಲೆಯಾಗಿದ್ದರೂ ಆ ಹೊತ್ತಿಗೆ ಪರದೆಗೆ ಬೆಂಕಿ ಬಿದ್ದು, ಸಮಿತಿಯವರು ಕಿಟಕಿಯಿಂದ ಹಾರಿ, ಅಗ್ನಿಶಾಮಕದವರು ದಾರಿಯಲ್ಲಿರುತ್ತಿದ್ದರು. ಇಲ್ಲಿ ಹದಿನಾಲ್ಕು ಮಕ್ಕಳು ಒಟ್ಟಿಗೆ ಉಸಿರೆಳೆದುಕೊಂಡರು. ಎಳೆದ ರಭಸಕ್ಕೆ ಪರದೆ ಒಳಗೆ ಬಂತು. ಬಿಟ್ಟರು, ಹೊರಗೆ ಹೋಯಿತು.

“ಒಂದು ಸುತ್ತು ಹೇಳೋಣ,” ಎಂದಳು ಕಾರ್ಲಾ. ಸುತ್ತಿಗೆಯನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದಳು.

“ನಂಗೆ ದುಃಖ ಆಯ್ತು,” ಎಂದಳು ವಿಲ್ಯಾ. “ಗಂಟಲಲ್ಲಿದೆ. ಇರ್ಲಿ ಬಿಡಿ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇರ್ಲಿ.”

“ನಂಗೆ ಏನಾದ್ರೂ ಒಡೀಬೇಕು ಅನ್ನಿಸ್ತಿದೆ,” ಎಂದ ಸ್ಟೋರ್ಮ್. “ಒಡಿಯಲ್ಲ.”

“ನಾವು ನಾವೇ ಇದ್ರೆ ಎಲ್ಲಿ ಕೂತ್ರೂ ಇದೇ ಕ್ಲಾಸು,” ಎಂದಿತು ಇನ್ನೊಂದು ಮಗು.

ಸುತ್ತು ಮುಗಿಯುವಷ್ಟರಲ್ಲಿ ಮಕ್ಕಳು ತಮ್ಮನ್ನು ತಾವು ಸುಧಾರಿಸಿಕೊಂಡು ಐವಿನ್‌ನನ್ನು ಸುಧಾರಿಸಲು ಎದ್ದಿದ್ದರು. ಸ್ಟೋರ್ಮ್ ತಬ್ಬಿಕೊಂಡಾಗ ಐವಿನ್‌ನ ಪಕ್ಕೆಲುಬು ಹಳೇ ಏಣಿಯ ಹಾಗೆ ಕಿರುಗುಟ್ಟಿತು. ಸಾನ್ನೆ ಬಿಕ್ಕುತ್ತಿದ್ದಳು. ಹೆತ್ತ ತಾಯಿ ತೀರಿಕೊಂಡ ದಿನವೂ ಟ್ರ್ಯಾಕ್ಟರ್ ನಿಲ್ಲಿಸದ ಹೆನ್ನಿಂಗ್ ಟೋಪಿಯೊಳಗೆ ಮುಖ ಹುದುಗಿಸಿ ಅತ್ತ ಅಳುವಿಗೆ ಟೋಪಿ ಮರುದಿನದ ತನಕ ಒಣಗಲಿಲ್ಲ.

“ಇನ್ನು ಇವನ ವಿಷಯ,” ಎಂದಳು ಕಾರ್ಲಾ.

ಸ್ಟೋರ್ಮ್ ಕೇಕ್ ಮನುಷ್ಯನ ಬಾಯಿಗೆ ಕಿವಿ ಕೊಟ್ಟು ಒಂದು ನಿಮಿಷ ಕೇಳಿಸಿಕೊಂಡ. “ಒಪ್ಪಿಗೆ ಅಂತೆ. ಪೆಟ್ಟಿಗೇಲಿ ಒಬ್ಬನೇ ಒಣಗೋದಕ್ಕಿಂತ ಇದೇ ಮೇಲು ಅಂತಾನೆ.”

ಚಾಕು ಐವಿನ್‌ನ ಕೈಗೆ ಬಂತು. ಕತ್ತು ಕೊಯ್ದ. ಎಲ್ಲರೂ ಕಿರುಚಿದರು, ಎಲ್ಲರಿಗಿಂತ ಜೋರಾಗಿ ಹೆನ್ನಿಂಗ್. ಬೀಟ್ ಹೊಲದ ಕಾಗೆಗಳೆಲ್ಲ ಎದ್ದು ಎರಡು ದಿನ ನೆಲ ಮುಟ್ಟಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಸಮಿತಿ ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿತು. ಶಿಕ್ಷಕರ ಕೋಣೆಯಲ್ಲಿ ಮೆರೆಟೆ ಕಾಗದದ ಬಾವುಟಗಳ ಸರ ಕಟ್ಟುತ್ತಿದ್ದಳು. “ಬಾಯಿ ಬಿಡಬೇಡ ಅಂದಿದ್ದೆ. ಬಿಟ್ಟಿದ್ದೇ ಒಳ್ಳೇದಾಯ್ತು,” ಎಂದಳು. “ನಾನು ಕಲಿಸಿದ್ದು,” ಎಂದಳು ಯೊನ್ನಾ. “ನಾನು,” ಎಂದ ಓಲುಫ್. ಐವಿನ್ ಬೇಸಿಗೆಗೆ ಉಳಿಗಳನ್ನೆಲ್ಲ ಸಾಣೆ ಹಿಡಿಸಬೇಕು, ಬಾಗಿಲಿನ ಪಕ್ಕ ಹೊಸ ಹಲಗೆ ಹೊಡೆಯಬೇಕು ಎಂದು ಮನಸ್ಸಿನಲ್ಲೇ ಅಳತೆ ಹಾಕುತ್ತಿದ್ದ.

ರಸ್ತೆಯ ಒಂದು ಗುಂಡಿ ಮುಚ್ಚಲು ಹನ್ನೊಂದು ವರ್ಷ ತೆಗೆದುಕೊಂಡ ಪುರಸಭೆ ನಲವತ್ತು ನಿಮಿಷದಲ್ಲಿ ಹೊರಗೆ ಬಂತು.

“ಇಪ್ಪತ್ತು ವರ್ಷದಿಂದ ಶಾಲೆಗಳನ್ನ ನೋಡ್ತಿದೀನಿ,” ಎಂದ ಹೆನ್ನಿಂಗ್, ಕೆಂಪು ಮೂಗು ಒರೆಸಿಕೊಂಡು. “ಇಂಥ ಮಕ್ಕಳನ್ನ ನೋಡಿಲ್ಲ.”

“ನಿಮ್ಮ ದೊಡ್ಡ ಮಾತು,” ಎಂದಳು ಮೆರೆಟೆ.

“ಅದಕ್ಕೇ ಟ್ರನೆಬೋ ಮುಚ್ತಾ ಇದೀವಿ.”

ಮೆರೆಟೆಯ ಕೈಯಿಂದ ಬಾವುಟದ ಸರ ಕೆಳಗೆ ಬಿತ್ತು.

ಸಾನ್ನೆ ತಲೆ ಒಂದು ಬದಿಗೆ ವಾಲಿಸಿ ಮೆಲುದನಿಯಲ್ಲಿ ಬಿಡಿಸಿ ಹೇಳಿದಳು. “ಸೋನರ್‌ಮೋಸೆ ಮಕ್ಕಳು ಬಿರುಕು ಬಿಟ್ಟ ಗಾಜಿನ ಹಾಗೆ. ಒಂದು ಕುರ್ಚಿ ಜರುಗಿಸಿದ್ರೆ ಕಪಾಟು ಬೀಳಿಸ್ತಾರೆ. ಅವರನ್ನ ಒಂಬತ್ತು ಕಿಲೋಮೀಟರ್ ಸಾಗಿಸೋದಕ್ಕೆ ನನ್ನ ಮನಸ್ಸಾಕ್ಷಿ ಒಪ್ಪಲ್ಲ. ನಿಮ್ಮವರು ಗಟ್ಟಿ ಮಕ್ಕಳು. ಮುಚ್ಚೋ ಸುದ್ದಿ ಕೇಳಿ ಒಂದು ಸುತ್ತಿನಲ್ಲಿ ಚೇತರಿಸ್ಕೊಂಡ್ರು. ಕಣ್ಣಾರೆ ನೋಡಿದ್ವಲ್ಲ.”

“ಮುಚ್ಚೋದನ್ನ ಇಷ್ಟು ಚೆನ್ನಾಗಿ ತಡ್ಕೊಳ್ಳೋ ಶಾಲೆ ಸಿಗೋದು ಅಪರೂಪ,” ಎಂದ ಹೆನ್ನಿಂಗ್. “ಇಂಥ ಅವಕಾಶ ಕಳ್ಕೊಂಡ್ರೆ ನಾವು ಮೂರ್ಖರು.”

ಐವಿನ್ ಹೊರಗೆ ಓಡಿದ. ಮನೆಗೆ ಹೋಗುವ ಬಸ್ಸಿಗಾಗಿ ನಾಲ್ಕನೇ ಕ್ಲಾಸಿನ ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಪಕ್ಕದಲ್ಲೇ ಸಮಿತಿಯ ಕಪ್ಪು ಕಾರು.

“ಸ್ಟೋರ್ಮ್,” ಎಂದ, ಏದುಸಿರು ಬಿಡುತ್ತ. “ಆ ಕಾರಿನ ಗಾಜಿಗೆ ಒಂದು ಕಲ್ಲು ಹೊಡಿ. ಸಣ್ಣದು ಸಾಕು. ಅವರು ಹೊರಡೋದ್ರೊಳಗೆ.”

ಸ್ಟೋರ್ಮ್ ಅವನ ಭುಜದ ಮೇಲೆ ಕೈಯಿಟ್ಟ. “ಕಲ್ಲು ಹೊಡೀಬೇಕು ಅಂತಿರೋದು ನಿನ್ನ ಯಾವ ಭಾವನೆ, ಐವಿನ್?”

“ಭಾವನೆ ಮನೆ ಹಾಳಾಯ್ತು. ಯಾರಾದ್ರೂ ಯಾರಿಗಾದ್ರೂ ಹೊಡೀರಿ. ಉಗೀರಿ. ಜಡೆ ಎಳೀರಿ. ಕಾರ್ಲಾ, ನಿನ್ನ ಕಾಲಿಗೆ ಬೀಳ್ತೀನಿ.”

ಮಕ್ಕಳು ತಲೆಗೆ ತಲೆ ಸೇರಿಸಿ ಪಿಸುಗುಟ್ಟಿದರು. ಮುದುಕನಿಗೆ ಇದು ತೀರಾ ಬೇಕಾಗಿದೆ ಎಂದು ಮನಗಂಡು ಪ್ರಯತ್ನವನ್ನೂ ಮಾಡಿದರು. ವಿಲ್ಯಾ ಸ್ಟೋರ್ಮ್‌ನನ್ನು ಭುಜದಿಂದ ತಳ್ಳಿದಳು. ಸ್ಟೋರ್ಮ್ “ನೋವಾಯ್ತಾ ನಿಂಗೆ” ಎಂದು ಕೇಳಿದ. ವಿಲ್ಯಾ ಕ್ಷಮೆ ಕೇಳಿದಳು. ಅವನೂ ಕೇಳಿದ. ಜಗಳ ಅಲ್ಲಿಗೆ ಮುಗಿಯಿತು.

ಆಗ ಐವಿನ್ ತಾನೇ ಬಗ್ಗಿದ. ಮೂವತ್ತೊಂದು ವರ್ಷ ದಾರ ಹಿಡಿದು ನೇರ ಗೆರೆ ಎಳೆದ ಕಣ್ಣು ಅದು. ಕಲ್ಲು ಮುಂದಿನ ಗಾಜಿನ ನಟ್ಟನಡುವೆ ಹೋಗಿ ಕೂತಿತು, ಅಳೆದು ನೋಡಿದ್ದರೆ ಒಂದು ಮಿಲಿಮೀಟರ್ ಆಚೀಚೆ ಇರುತ್ತಿರಲಿಲ್ಲ. ಅಷ್ಟಾದ ಮೇಲೆ ಹೋಗಿ ಶಾಲೆಯ ಬಾವುಟದ ಕಂಬವನ್ನು ಕೈಕಾಲು ನಾಲ್ಕರಿಂದಲೂ ತಬ್ಬಿಕೊಂಡ. “ನಾನು ಇಲ್ಲಿಂದ ಕದಲಲ್ಲ,” ಎಂದ. ಓಲುಫ್ ಎಳೆದ. ಮೆರೆಟೆ ಓಲುಫ್‌ನನ್ನು ಎಳೆದಳು, ಹೆನ್ನಿಂಗ್ ಮೆರೆಟೆಯನ್ನು ಎಳೆದ. ಕಂಬ ಬಗ್ಗಿತು, ಐವಿನ್ ಬಿಡಲಿಲ್ಲ. ಊಳಿಟ್ಟ ಊಳು ಹಾರ್ಬರಿನ ಹಡಗುಗಳಿಗೆ ಕೇಳಿಸಿ ಎರಡು ಹಡಗು ಮರುದನಿ ಕೊಟ್ಟವು.

ಸಾನ್ನೆ ಒಡೆದ ಗಾಜು ನೋಡಿದಳು, ಕಂಬ ನೋಡಿದಳು, ಐವಿನ್‌ನ ಮುಖ ನೋಡಿದಳು. ಅವಳ ಕಣ್ಣು ಮತ್ತೆ ತುಂಬಿ ಬಂತು.

“ಹೆನ್ನಿಂಗ್, ಎಳೀಬೇಡಿ,” ಎಂದಳು. “ನಮ್ಮಿಂದ ತಪ್ಪಾಗಿದೆ. ಇವರನ್ನ ಸಾಗಿಸೋ ಹಾಗಿಲ್ಲ.”

ಐವಿನ್ ಊಳಿಡುವುದನ್ನು ನಿಲ್ಲಿಸಿ ಒಂದು ಕಣ್ಣು ತೆರೆದ.

ಹೆನ್ನಿಂಗ್ ಕಾರಿನ ಮೂತಿಯ ಮೇಲಿನ ಗಾಜಿನ ಪುಡಿ ಕೊಡವಿ, ಕಾಗದ ಹರಡಿ, ತೀರ್ಮಾನಕ್ಕೆ ಒಂದು ಸಾಲು ಸೇರಿಸಿದ. ಓದಿಯೂ ಹೇಳಿದ. “ಐವಿನ್ ಟ್ರುಲ್ಸೆನ್ ಅವರ ಮನಸ್ಸಿನ ಕ್ಷೇಮದ ದೃಷ್ಟಿಯಿಂದ ಅವರ ಹುದ್ದೆ ಮತ್ತು ಮರಗೆಲಸದ ಕೋಣೆಯನ್ನು ನಿವೃತ್ತಿಯ ತನಕ ಟ್ರನೆಬೋದಲ್ಲೇ ಇದ್ದ ಹಾಗೆ ಉಳಿಸತಕ್ಕದ್ದು.”

ಐವಿನ್ ಕಂಬದಿಂದ ಒಂದು ಕಾಲು ಇಳಿಸಿದ. “ಮಕ್ಕಳು?”

“ಮಕ್ಕಳು ಸೋಮವಾರದಿಂದ ಸೋನರ್‌ಮೋಸೆಗೆ. ಅವರು ಗಟ್ಟಿ.”

“ಮೆರೆಟೆ?”

“ಗಟ್ಟಿ.”

“ಓಲುಫ್?”

“ನಾನೂ ಗಟ್ಟಿ,” ಎಂದ ಓಲುಫ್, ಯಾರೂ ಕೇಳುವ ಮೊದಲೇ.

“ಹಾಗಾದ್ರೆ ಇಲ್ಲಿ ಯಾರಿರ್ತಾರೆ?”

“ನೀವು.”

“ಪಾಠ ಯಾರಿಗೆ ಮಾಡ್ಲಿ?”

ಹೆನ್ನಿಂಗ್ ಸಾನ್ನೆಯ ಕಡೆ ನೋಡಿದ. ಸಾನ್ನೆ ಐವಿನ್‌ನ ಕೈಯನ್ನು ಕಂಬದ ಸಮೇತ ಹಿಡಿದುಕೊಂಡಳು. “ಅಂಥ ಯೋಚನೆಯಿಂದ ನಿಮಗೆ ಒತ್ತಡ ಆಗುತ್ತೆ. ಸದ್ಯಕ್ಕೆ ಬೇಡ,” ಎಂದಳು.

ಸಮಿತಿ ಗಾಜಿಲ್ಲದ ಕಾರಿನಲ್ಲಿ, ಗಾಳಿಗೆ ಕಣ್ಣು ಮುಚ್ಚಿಕೊಂಡು ಹೊರಟಿತು. ಮೆರೆಟೆ ಪೆಟ್ಟಿಗೆ ಕಟ್ಟಲು ಒಳಗೆ ಹೋದಳು. ಅಂಗಳದಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಬಂದು ಐವಿನ್‌ನ ಕೈ ಕುಲುಕಿ ಸಾಲಿಗೆ ವಾಪಸಾದರು. ಕೊನೆಯಲ್ಲಿ ಕಾರ್ಲಾ ಬಂದಳು. ಕಂಬ ತಬ್ಬಿಕೊಂಡೇ ನೆಲಕ್ಕೆ ಜಾರಿ ಕೂತಿದ್ದ ಅವನ ಕಣ್ಣಿಗೆ ಕಣ್ಣು ಸೇರುವ ಹಾಗೆ ಜಲ್ಲಿಯ ಮೇಲೆ ಮೊಣಕಾಲೂರಿದಳು.

“ನೀನು ಕೇಳಿದ್ದೇ ಸಿಕ್ತು ಐವಿನ್. ಈಗ ನಿನಗೆ ಹೇಗನ್ನಿಸ್ತಿದೆ?”

ಐವಿನ್ ಕಂಬ ಬಿಟ್ಟ. ಮೂಗು ಒರೆಸಿಕೊಂಡ. ಹುಟ್ಟಿದಾರಭ್ಯ ಮೊದಲ ಸಲ ಅವನಿಗೆ ಉತ್ತರ ಗೊತ್ತಿತ್ತು. ಅದು ಉದ್ದವಾಗಿತ್ತು, ಇಂಗೆಲಿಸೆಗಿಂತ ಹಿಂದಿನಿಂದ ಶುರುವಾಗುತ್ತಿತ್ತು, ಮಧ್ಯದಲ್ಲಿ ನಗುವುದಕ್ಕೂ ಒಂದೆರಡು ಜಾಗವಿತ್ತು.

“ಹೇಳ್ತೀನಿ,” ಎಂದ. “ಕೂತ್ಕೋ.”

ಅಷ್ಟರಲ್ಲಿ ಬಸ್ಸು ಬಂತು. ಆ ದಾರಿಯಲ್ಲಿ ಮಧ್ಯಾಹ್ನದ ಮೇಲೆ ಇರುವುದು ಅದೊಂದೇ.